ನಲ್ಲೂರಿನ ಹಿಟ್ಟಿನ ಗಿರಣಿ ನಿಂತಿರುವ ಕುರಿತು

ಮನಸ್ಸಿನ ಕಾಯಿಲೆಗೆ ಯಾರು ಮಾತ್ರೆ ಬರೆಯಬಹುದು, ಯಾರು ಬರೆಯಕೂಡದು ಎಂದು ನಿಯಮ ರೂಪಿಸುವ ಮಾನ್ಯರೇ,

ತಮ್ಮ ನಿಯಮದಿಂದಾಗಿ ನಲ್ಲೂರಿನಲ್ಲಿ ನನ್ನ ಅಕ್ಕನ ಹಿಟ್ಟಿನ ಗಿರಣಿ ನಿಂತಿದೆ. ರಾಗಿ ಬೀಸಿಸಲು ಬಂದವರು ಡಬ್ಬ ಹೊತ್ತು ವಾಪಸ್ ಹೋಗುವಾಗ ಬಯ್ಯುವುದು ತಮ್ಮನ್ನಲ್ಲ, ನನ್ನನ್ನು. ತಾವು ಎಲ್ಲಿರುತ್ತೀರೆಂದು ಅವರಿಗೆ ಗೊತ್ತಿಲ್ಲ. ಈ ಅನ್ಯಾಯವನ್ನಾದರೂ ಸರಿಪಡಿಸೋಣವೆಂದು ಬರೆಯುತ್ತಿದ್ದೇನೆ.

ಅಕ್ಕನ ಹೆಸರು ಶಿವಗಂಗಮ್ಮ. ಇಡೀ ಊರನ್ನು ಹೆದರಿಸಬಲ್ಲ ಹೆಂಗಸು. ಕಳೆದ ವರ್ಷ ಅವಳಿಗೇ ಹೆದರಿಕೆ ಹಿಡಿಯಿತು. ಮೋಟಾರಿನ ಸ್ವಿಚ್ಚಿಗೆ ಕೈ ಹಾಕಿದರೆ ಎದೆ ಡವಡವ, ಮೈಯೆಲ್ಲ ಬೆವರು. ಭಾವ ಜಯದೇವಪ್ಪನವರು ಅವಳನ್ನು ಚನ್ನಗಿರಿಗೆ ಕರೆದೊಯ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರ, ಮಾತಿನಲ್ಲೇ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞೆ ಪ್ರೇಮಲತಾ ಅವರು ಬಂದು ಕೂರುತ್ತಾರೆ. ಅಕ್ಕನ ಮಾತನ್ನು ಅವರು ಪೂರ್ತಿ ಕೇಳಿದರು. ಮದುವೆಯಾದಾಗಿನಿಂದ ಭಾವನಿಗೆ ಕೈಲಾಗದ ಕೆಲಸ ಅದು. ಕೊನೆಗೆ ‘ಗಾಬರಿಯಾದಾಗ ಕೂತು ನಿಧಾನವಾಗಿ ಉಸಿರಾಡಿ, ಸಂಜೆ ನಡೆಯಿರಿ, ಮಾತ್ರೆಗೆ ದಾವಣಗೆರೆಯ ಮನೋವೈದ್ಯರನ್ನು ಕಾಣಿ’ ಎಂದು ಚೀಟಿ ಬರೆದುಕೊಟ್ಟರು.

ನಮ್ಮ ಕಡೆ ಚೀಟಿ ಸಿಕ್ಕರೆ ಅದರಲ್ಲೇನಿದೆ ಎಂದು ನೋಡುವ ಪದ್ಧತಿ ಇಲ್ಲ, ಸೀದಾ ಮೆಡಿಕಲ್ ಶಾಪಿಗೆ ಹೋಗುವುದು. ಭಾವ ಹೋದರು. ಅಂಗಡಿಯ ರುದ್ರಮುನಿ ಚೀಟಿಯನ್ನು ಬೆಳಕಿಗೆ ಹಿಡಿದ.

“ಜಯದೇವಣ್ಣ, ಇದನ್ನ ಬರ್ದಿರೋರು ಡಾಕ್ಟ್ರಲ್ಲ ಬಿಡ್ರಿ.”

“ಹೆಂಗೆ ಹೇಳ್ತೀಯೋ?”

“ಓದಾಕೆ ಬರ್ತೈತಲ್ರೀ!”

ಆದರೂ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಗ್ಯಾಸಿನ ಮಾತ್ರೆ ಕೊಟ್ಟ. ಅಕ್ಕನ ಹೆದರಿಕೆ ಇದ್ದಲ್ಲೇ ಇತ್ತು, ತೇಗು ಮಾತ್ರ ನಿಂತಿತು.

ಆಮೇಲೆ ದಾವಣಗೆರೆಯ ಮನೋವೈದ್ಯರು ಮಾತ್ರೆ ಬರೆದರು. ಪುಣ್ಯಾತ್ಮರು. ಮಾತ್ರೆ ಹಿಡಿಯಿತು, ಗಿರಣಿ ತಿರುಗಿತು, ಅಕ್ಕ ಮತ್ತೆ ಎಲ್ಲರನ್ನೂ ಗದರತೊಡಗಿದಳು. ಆದರೆ ಮಾತ್ರೆ ಮುಗಿಯಿತು. ಹೊಸ ಚೀಟಿ ಬೇಕು. ಪ್ರೇಮಲತಾ ಅವರೆದುರು ಕೂತು ಅಕ್ಕ ಕೇಳಿದಳು: “ಅದೇ ಮಾತ್ರೆ ಮೇಡಮ್ಮಾರೆ, ಅದೇ ಹೆಸ್ರು. ನೋಡಿಕೊಂಡು ಬರೀರಿ ಸಾಕು.”

“ನಾನು ಬರಿಯೋ ಹಂಗಿಲ್ಲಮ್ಮ. ನಿಯಮ ಬಿಡಲ್ಲ. ಮಾತ್ರೆ ಬಿಡ್ಬೇಡಿ, ಬೇಗ ದಾವಣಗೆರೆಗೆ ಹೋಗಿ ಬನ್ನಿ.”

ಅಕ್ಕ ಬಸ್ಸು ಹತ್ತಿದಳು. ಪಕ್ಕದ ಸೀಟಿನಲ್ಲಿ ಹೊನ್ನಾಳಿ ಕಡೆಯ ಉಡಚಮ್ಮ ಎಂಬಾಕೆ. ಎದೆ ಹಿಡಿದು ಕೂತಿದ್ದ ಅಕ್ಕನನ್ನು ನೋಡಿ ಎಲೆ ಸಂಚಿ ಬಿಚ್ಚಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅದರಡಿ ಮಾತ್ರೆಗಳು.

“ತಗಾ ತಂಗಿ. ನನ್ ಎದಿಗೆ ಹಿಡ್ದೈತೆ, ನಿನ್ ಎದಿಗ್ಯಾಕೆ ಹಿಡಿಯಲ್ಲ?”

ಅಕ್ಕ ನುಂಗಿಬಿಟ್ಟಳು. ಅದು ಬಿಪಿಯವರಿಗೆ ಮೂತ್ರ ಹೆಚ್ಚಿಸಿ ಮೈನೀರು ಇಳಿಸಲು ಕೊಡುವ ಮಾತ್ರೆ. ಬಸ್ಸು ಪೆಟ್ರೋಲ್ ಬಂಕಿನಲ್ಲಿ ನಿಂತಿತು, ಹೈಸ್ಕೂಲಿನ ಹತ್ತಿರ ನಿಂತಿತು, ಕೊನೆಗೆ ಒಂದು ಜಾಲಿಗಿಡದ ಮರೆ ಕಂಡಲ್ಲಿಯೂ ನಿಂತಿತು. “ಏನ್ ಅಮ್ಮಾರೇ, ಎಕ್ಸ್‌ಪ್ರೆಸ್ ಬಸ್ಸನ್ನ ಶಟಲ್ ಮಾಡಿಬಿಟ್ರಲ್ರೀ!” ಎಂದು ಕಂಡಕ್ಟರ್ ಗೋಳಾಡಿದ. ಅಕ್ಕ ಆಸ್ಪತ್ರೆ ತಲುಪುವಾಗ ವೈದ್ಯರು ಎದ್ದು ಹೋಗಿದ್ದರು. ಮಾತ್ರೆಯಿಲ್ಲದೆ ಗಿರಣಿ ಮತ್ತೆ ನಿಂತಿತು.

ಮಾನ್ಯರೇ, ಲೆಕ್ಕ ನೋಡಿ. ನನ್ನ ಅಕ್ಕನಿಗೆ ಮೆಡಿಕಲ್ ಶಾಪಿನವನು ಮಾತ್ರೆ ಕೊಡಬಹುದು, ಬಸ್ಸಿನ ಎಲೆ ಸಂಚಿಯವರೂ ಕೊಡಬಹುದು. ಇವರಿಬ್ಬರನ್ನೂ ತಮ್ಮ ನಿಯಮ ತಡೆದದ್ದು ನಾನು ಕಂಡಿಲ್ಲ. ತಡೆದದ್ದು ಮನಸ್ಸಿನ ಬಗ್ಗೆಯೇ ವರ್ಷಗಟ್ಟಲೆ ಓದಿದ ಒಬ್ಬರನ್ನು ಮಾತ್ರ. ಹಾಗಾದರೆ ನಿಯಮವಿರುವುದು ಅದನ್ನು ಪಾಲಿಸುವವರಿಗಷ್ಟೇ ಏನು?

‘ಮನಸ್ಸು ಓದಿದವರು ದೇಹ ಓದಿಲ್ಲ, ಮಾತ್ರೆ ಹೃದಯ, ಪಿತ್ತಜನಕಾಂಗಗಳಿಗೂ ಹೋಗುತ್ತದೆ’ ಎನ್ನುತ್ತೀರಿ. ಒಪ್ಪಿದೆ. ಮಾತ್ರೆ ಎಲ್ಲೆಲ್ಲಿಗೆ ಹೋಗುತ್ತದೆಂಬುದು ಆ ಬಸ್ಸಿನಲ್ಲಿದ್ದವರಿಗೆಲ್ಲ ಈಗ ಗೊತ್ತು. ಹಾಗಾದರೆ ಓದಿಸಿ! ಹೊರದೇಶದ ಕೆಲವು ರಾಜ್ಯಗಳಲ್ಲಿ ಇಂಥವರಿಗೆ ಬೇರೆ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ವೈದ್ಯರ ಮೇಲ್ವಿಚಾರಣೆಯಲ್ಲಿಟ್ಟು ಪರವಾನಗಿ ಕೊಡುತ್ತಾರಂತೆ. ಫೇಲಾದವರಿಗೆ ಕೊಡಬೇಡಿ. ಪಾಸಾದವರಿಗೆ, ಮನೋವೈದ್ಯರು ಆಗಲೇ ಶುರು ಮಾಡಿದ ಮಾತ್ರೆಯನ್ನು ಅವರನ್ನೇ ಫೋನಿನಲ್ಲಿ ಕೇಳಿ ಮುಂದುವರಿಸುವಷ್ಟಾದರೂ ಅಧಿಕಾರ ಕೊಡಿ. ಅದೂ ಆಗದೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ವಾರಕ್ಕೊಮ್ಮೆ ಮನೋವೈದ್ಯರನ್ನೇ ಕಳಿಸಿ. ಎರಡೂ ಆಗದೆಂದರೆ ಯಾಕೆ ಆಗದೆಂದು ನಲ್ಲೂರಿಗೆ ಬಂದು ನನ್ನ ಅಕ್ಕನಿಗೆ ಹೇಳಿ, ನನಗೆ ಧೈರ್ಯವಿಲ್ಲ.

ನಿನ್ನೆ ಅವಳು ಗಿರಣಿಯ ಕಟ್ಟೆಯ ಮೇಲೆ ಕೂತು ಕೇಳಿದಳು: “ಪೇಪರಿಗೆ ಬರಿತೀಯಲ್ಲೋ, ಆ ಸಾಹೇಬ್ರನ್ನ ಒಂದು ಮಾತು ಕೇಳು. ನಂಗಾದ್ರೆ ಭಯದ ಕಾಯ್ಲೆ ಐತೆ. ಆ ಮೇಡಮ್ಮಾರಿಗೆ ಒಂದು ಪೆನ್ನು ಕೊಡಾಕೆ ಅವ್ರಿಗ್ಯಾಕಪ್ಪ ಭಯ?”

ಕೇಳಿದ್ದೇನೆ. ಉತ್ತರ ಅವಳಿಗೇ ಕಳಿಸಿ.

ಇಂತಿ,
ಶಿವಗಂಗಮ್ಮನ ತಮ್ಮ,
ಸದ್ಯ ಪ್ಯಾಕೆಟ್ ಹಿಟ್ಟಿನ ರೊಟ್ಟಿ ಮುರಿಯಲು ಒದ್ದಾಡುತ್ತಿರುವವನು