ಒಂದು ಪ್ರತಿಷ್ಠಿತ ಕಂಪನಿ

ಮಾರ್ಚ್ 4, ಮಂಗಳವಾರ

ಮೂರನೇ ಪುಟದ ಡಮ್ಮಿ — ಯಾವುದು ಎಲ್ಲಿ ಎಂಬ ನಕ್ಷೆ — ಜಾಹೀರಾತು ವಿಭಾಗದಿಂದ ಬಂತು. ಎಂದಿನಂತೆ ಮೊದಲು ಅವರ ಚೌಕಗಳು, ಮಿಕ್ಕ ಜಾಗಕ್ಕೆ ನನ್ನ ಸುದ್ದಿ. ಇವತ್ತು ಅರ್ಧ ಪುಟ ಕುಕ್ಕರ್ ಕಂಪನಿಯದು. ಅದೇ ಪುಟಕ್ಕೆ ಇಟ್ಟಿದ್ದ ವರದಿ — ಆ ಕಂಪನಿಯ ಹೊಸ ಕುಕ್ಕರಿನ ಮುಚ್ಚಳ ಸಿಡಿದು ಇಬ್ಬರ ಮುಖ ಸುಟ್ಟಿದೆ. ವರದಿಗಾರ್ತಿ ಹದಿನೈದು ದಿನ ಅಲೆದು ತಂದದ್ದು, ಆಸ್ಪತ್ರೆಯ ಕಾಗದ ಸಮೇತ.

ಸಂಪಾದಕರು ಕರೆದರು. "ಸುದ್ದಿ ಬರ್ಲಿ ಕಣಯ್ಯಾ, ಹೆಸರು ಬೇಡ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಹೆಸರು ತೆಗೆದು 'ಒಂದು ಪ್ರತಿಷ್ಠಿತ ಕಂಪನಿ' ಎಂದು ಹಾಕಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಇಪ್ಪತ್ತು ವರ್ಷ ಪಳಗಿದ ಕೈ.

ಮಾರ್ಚ್ 5

ಬೆಳಿಗ್ಗೆಯಿಂದ ಡೆಸ್ಕಿನ ಫೋನಿಗೆ ಬಿಡುವಿಲ್ಲ. ಎಲ್ಲರದೂ ಒಂದೇ ಪ್ರಶ್ನೆ — ಯಾವ ಕಂಪನಿ? ಹೆಸರಿಲ್ಲದಿದ್ದರೆ ಯಾರೂ ಗಾಬರಿಯಾಗುವುದಿಲ್ಲ ಅಂದುಕೊಂಡಿದ್ದೆವು. ಈಗ ಕುಕ್ಕರ್ ಇರುವವರೆಲ್ಲ ಗಾಬರಿ.

ಜಾಹೀರಾತು ಮ್ಯಾನೇಜರ್ ನನ್ನ ಪಕ್ಕವೇ ಕುರ್ಚಿ ಹಾಕಿಕೊಂಡು ಕೂತ. "ಯಾರ್ ಕೇಳಿದ್ರೂ ಗೊತ್ತಿಲ್ಲ ಅನ್ನಿ ಸಾರ್. ವರ್ಷದ ಕಾಂಟ್ರ್ಯಾಕ್ಟು." ವರದಿಗಾರ್ತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ, ತಪ್ಪೇನಿಲ್ಲ.

ಅಕ್ಕ ಮೊಬೈಲಿಗೆ ಮಾಡಿದಳು. "ನಂಗಾದ್ರೂ ಹೇಳೋ, ನಮ್ಮನೇದೂ ಹೊಸದೇ." ಮೆಟ್ಟಿಲ ಹತ್ತಿರ ಹೋಗಿ ಪಿಸುದನಿಯಲ್ಲಿ ಹೇಳಿದೆ. "ಅಯ್ಯೋ, ಅದೇ ಕಣೋ," ಅಂದಳು. ಅಟ್ಟಕ್ಕೆ ಹಾಕಿದಳಂತೆ. ನೆಮ್ಮದಿಯಾಯಿತು.

ಮಾರ್ಚ್ 8, ಸಂಜೆ 6

ಫೋನು ಕಡಿಮೆಯಾಗಿದೆ. ಮ್ಯಾನೇಜರ್ ಕುರ್ಚಿ ಬಿಟ್ಟಿಲ್ಲ.

ಈಗಷ್ಟೇ ಒಬ್ಬ ಹೆಂಗಸಿನ ಫೋನು. "ಹೆಸರು ಹೇಳೋಕಾಗಲ್ಲ ಅಂದ್ರೆ ಬೇಡಣ್ಣ. ನಮ್ಮದು ಇಂಥಾ ಕಂಪನೀದು," ಅಂದಳು. ಅದೇ ಕಂಪನಿ. "ಈಗ ಒಲೆ ಮೇಲಿಡ್ತಾ ಇದೀನಿ. ಇಡ್ಲಾ, ಬೇಡ್ವಾ? ಅಷ್ಟು ಹೇಳಿ ಸಾಕು."

ಮ್ಯಾನೇಜರ್ ನನ್ನ ಬಾಯನ್ನೇ ನೋಡುತ್ತಿದ್ದ.

"ಗೊತ್ತಿಲ್ಲಮ್ಮ," ಅಂದೆ. ನಾಲ್ಕು ದಿನದಿಂದ ಅದೇ ಹೇಳಿ ಹೇಳಿ ನಾಲಗೆಗೆ ರೂಢಿ. ಆಕೆ "ಆಯ್ತಣ್ಣ" ಎಂದು ಫೋನು ಇಟ್ಟಳು.

6.10

ಅಕ್ಕನಿಗೆ ಹೇಳಿದೆ, ಈಕೆಗೆ ಹೇಳಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ. ಡೆಸ್ಕಿನ ಫೋನಿನಲ್ಲಿ ನಂಬರ್ ಉಳಿದಿತ್ತು. ಬರೆದುಕೊಂಡು ಮೆಟ್ಟಿಲಿಗೆ ಬಂದೆ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ.

6.14

ಎತ್ತುತ್ತಿಲ್ಲ.

6.17

ಎತ್ತಿತು — ಮಗು. "ಅಮ್ಮ ಎಲ್ಲಿ ಪುಟ್ಟಾ?"

"ಹೊರಗಡೆ ಬಟ್ಟೆ ತೆಗೀತಿದಾಳೆ."

"ಒಲೆ ಮೇಲೆ ಕುಕ್ಕರ್ ಇದ್ಯಾ? ನೋಡು ಬೇಗ."

ಫೋನು ಇಟ್ಟು ಓಡಿಹೋದ ಸದ್ದು. ಕಾಯುತ್ತಿದ್ದೇನೆ... ಅಯ್ಯೋ, ಮಗುವನ್ನು ನಾನೇ ಅದರ ಹತ್ತಿರ —