ಎರಡು ನಟ್ಟು ಮತ್ತು ನನ್ನ ಮೀಸೆ

ಪ್ರೀತಿಯ ಬೇಟಿ ಅಫ್ರೀನ್,

ಈ ಚೀಟಿ ನೀನು ನಟ್ಟು ಬಿಗಿಯುವ ಟಾರ್ಕ್ ಪಾನಾದ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೆ ಗಾಬರಿಯಾಗಬೇಡ. ನಮ್ಮದು ಮನೆಯಲ್ಲಿ ಉರ್ದು, ಗ್ಯಾರೇಜ್ ಅಂಗಡಿಯಲ್ಲಿ ಕನ್ನಡ. ನನಗೆ ಬರೆಯಲು ಬರುವುದು ಮಾತ್ರ ಹೆಬ್ಬಳ್ಳಿಯ ಶಾಲೆಯಲ್ಲಿ ಕಲಿತ ಕನ್ನಡವೊಂದೇ. ಎದುರಿಗೇ ಹೇಳೋಣವೆಂದರೆ ನಿನ್ನ ಅಬ್ಬಾನ ಬಾಯಿ ಬೈಯುವುದಕ್ಕೆ ಮಾತ್ರ ಬೇಗ ತೆರೆಯುತ್ತದೆ.

ಈ ಪಾನಾ ತಂದ ದಿನ ನಿನ್ನನ್ನು ಎಷ್ಟು ಆಡಿಕೊಂಡಿದ್ದೆ! ನಟ್ಟು ಬೇಕಾದಷ್ಟು ಬಿಗಿಯಾದೊಡನೆ ಅದು ಕಟ್ ಅನ್ನುತ್ತದಂತೆ. "ಅದನ್ನ ಹೇಳಾಕ ನನ್ನ ಕಾಲು ಐತಿ" ಅಂದಿದ್ದೆ. ಮೂವತ್ತೈದು ವರ್ಷ ಪಾನಾದ ಮೇಲೆ ಹತ್ತಿ ನಿಂತೇ ಬಿಗಿದವನಲ್ಲವೇ ನಾನು.

ಕಳೆದ ವಾರ ನೀನು ಉಪ್ಪಿನಬೆಟಗೇರಿಯ ಮದುವೆಗೆಂದು ನಾಲ್ಕು ದಿನ ಹೋದಾಗ, ಧಾರವಾಡದ ಸಂಗೀತ ಟೀಚರ್ ಲಕ್ಷ್ಮೀಬಾಯಿಯವರ ಕಾರಿಗೆ ಹೊಸ ಅಲಾಯ್ ಗಾಲಿ ಹಾಕಿದೆ. ಹಳೆಯ ಕಬ್ಬಿಣದ ಗಾಲಿಗೆ ಬಿಗಿದಂತೆ, ಒಂದರ ಪಕ್ಕ ಒಂದು ಸುತ್ತು ಹೊಡೆದು ಬಿಗಿದೆ. "ಇನ್ನ ಐದ ವರ್ಷ ಮುಟ್ಟೂದ ಬ್ಯಾಡ್ರಿ" ಎಂದು ಜಂಬವನ್ನೂ ಕೊಚ್ಚಿದೆ.

ನೀನು ಬಂದವಳೇ ಕೇಳಿದ್ದು ಒಂದೇ ಮಾತು: "ಅಬ್ಬಾ, ನೂರ ಕಿಲೋಮೀಟರ್ ಓಡಿದ ಮ್ಯಾಲೆ ತಿರುಗಿ ಬಿಗಿಸಾಕ ಬರ್ರಿ ಅಂತ ಹೇಳೀರಿಲ್ಲ?" ನಾನು ಉರಿದುಬಿದ್ದೆ. ನೀನು ಜಗಳಕ್ಕೆ ನಿಲ್ಲದೆ ಅವರಿಗೆ ಫೋನ್ ಮಾಡಿದೆ. ಮರುದಿನ ಮೊಮ್ಮಗಳನ್ನು ಕೂರಿಸಿಕೊಂಡು ಘಟ್ಟ ಇಳಿದು ಗೋವಾಕ್ಕೆ ಹೊರಡುವವರಿದ್ದರು. ನೀನು ಪೆಟ್ಟಿಗೆಯನ್ನು ಸ್ಕೂಟರಿಗೆ ಏರಿಸಿದೆ. ನಿನ್ನ ಅನುಮಾನ ತಪ್ಪೆಂದು ಕಣ್ಣಾರೆ ತೋರಿಸಬೇಕೆಂದೇ ನಾನು ಹಿಂದೆ ಕುಳಿತೆ.

ಅವರ ಮನೆಯಂಗಳದಲ್ಲಿ ಮುಂದಿನ ಎಡಗಾಲಿಯ ಎರಡು ನಟ್ಟು ನಿನ್ನ ಬೆರಳಿಗೇ ತಿರುಗಿದವು. ಆ ಪುಟ್ಟ ಹುಡುಗಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ನೀನು ಎಲ್ಲ ಗಾಲಿಗಳ ನಟ್ಟು ಸಡಿಲಿಸಿ, ಮಣ್ಣು ಒರೆಸಿ, ಎದುರುಬದುರಾಗಿ ಒಂದೊಂದನ್ನೇ ಬಿಗಿದೆ. ಪ್ರತಿಯೊಂದಕ್ಕೂ ಕಟ್. ಆಮೇಲೆ ನಟ್ಟಿನಿಂದ ಗಾಲಿಗೆ ಹಳದಿ ಬಣ್ಣದ ಗೆರೆ ಎಳೆದು, "ಈ ಗೆರಿ ಜರಗಿದ್ರ ನಟ್ಟು ಸಡ್ಲಾಗೇತಿ ಅಂತ ತಿಳೀರಿ" ಎಂದು ಟೀಚರಿಗೇ ಪಾಠ ಹೇಳಿದೆ.

"ಇದು ಯಾರ ತಪ್ಪವಾ?" ಎಂದರು ಅವರು.

"ಹೊಸಾ ಅಲಾಯ್ ಗಾಲಿ ಕುಂದ್ರಾಕ ಸ್ವಲ್ಪ ಓಡಬೇಕ್ರಿ. ತಿರುಗಿ ಬಿಗಿಯೂದು ನಮ್ಮ ಅಂಗಡಿ ಪದ್ಧತಿರಿ" ಎಂದೆ ನೀನು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅಂದು ನನ್ನ ಮೀಸೆ ಉಳಿಸಿದವಳು ನೀನು.

ಆ ಮೀಸೆ ಹೊತ್ತು ತಿರುಗುವುದು ನನಗೆ ಭಾರವಾಯಿತು. ಇವತ್ತು ಟೀಚರಿಗೆ ಫೋನ್ ಮಾಡಿ ಹೇಳಿಬಿಟ್ಟೆ: "ತಪ್ಪು ಮಾಡಿದಾಂವ ನಾನ್ರಿ. ಅದನ್ನ ಹಿಡದಾಕಿ ನನ್ನ ಮಗಳ್ರಿ." ಗಿರಾಕಿಯ ಮುಂದೆ ತಪ್ಪೊಪ್ಪಿದ್ದು ಇದೇ ಮೊದಲು. ಆದರೆ ಎರಡನೇ ಮಾತು ಹೇಳುವಾಗ ದನಿ ಎಷ್ಟು ಏರಿತ್ತೆಂದರೆ, ಪಕ್ಕದ ಪಂಕ್ಚರ್ ಅಂಗಡಿಯ ಹುಚ್ಚಪ್ಪ ಏನಾಯಿತೆಂದು ಓಡಿ ಬಂದ. ಅವನಿಗೂ ಹೇಳಿದೆ.

ನಾಳೆ ಅಂಗಡಿ ತೆಗೆದ ಮೇಲೆ ಈ ಪಾನಾ ಹಿಡಿಯುವುದನ್ನು ನನಗೂ ಕಲಿಸು. ಬೈದರೆ ಬೈಸಿಕೊಳ್ಳುತ್ತೇನೆ.

ನೀನು ಬಿಗಿದ ಗಾಲಿ ನಂಬಿ ಹೊರಟವರೆಲ್ಲ ಸುಖವಾಗಿ ಮನೆ ಮುಟ್ಟಲಿ, ಅವರೆಲ್ಲರ ದುವಾ ನಿನ್ನ ಮೇಲಿರಲಿ.

ಇನ್ನು ಮುಂದೆ ನಿನ್ನ ಶಿಷ್ಯ,
ನಿನ್ನ ಅಬ್ಬಾ ಗೌಸಮೊದ್ದೀನ