ಯಾರೂ ತೆರೆಯದ ಫೋಟೊ

ಉಚಿತವಾಗಿ ಫೋಟೊ ಇಟ್ಟುಕೊಳ್ಳುವ ವೆಬ್‌ಸೈಟಿನವರಿಗೆ,

ಔರಾದ ಬಸ್ ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿಯುವ ಮಹಾನಂದಾಳ ನಮಸ್ಕಾರ.

ನಾನು ಹೊಲಿದ ಬ್ಲೌಸುಗಳ ಫೋಟೊಗಳೆಲ್ಲ ನಿಮ್ಮಲ್ಲೇ ಇವೆ. ಹಳ್ಳಿಯ ಹೆಂಗಸರು ಲಿಂಕ್ ಒತ್ತಿ ನೋಡಿ, "ಇಂಥಾದ್ದೇ ತೋಳು ಇಡ್ರಿ" ಅನ್ನುತ್ತಾರೆ. ನೀವು ಪಾಸ್‌ವರ್ಡ್ ಕೇಳದಿರುವುದು ದೊಡ್ಡ ಉಪಕಾರ. ಜಾಹೀರಾತು ಮಾತ್ರ ಕಡಿಮೆ ಮಾಡಿ, ಕುತ್ತಿಗೆಯ ಡಿಸೈನೇ ಮುಚ್ಚಿಹೋಗುತ್ತದೆ.

ವರ್ಷವಿಡೀ ಯಾರೂ ತೆರೆಯದ ಫೋಟೊಗಳನ್ನು ಅಳಿಸುತ್ತೇವೆ ಎಂದು ನಿಮ್ಮ ಸಂದೇಶ ಬಂದಿದೆ. ಹಳೆಯ ಡಿಸೈನುಗಳನ್ನು ಅಳಿಸಿ, ಬೇಜಾರಿಲ್ಲ. ಹಸಿರು ಕುಪ್ಪಸದ ಫೋಟೊ ಒಂದನ್ನು ಮಾತ್ರ ಉಳಿಸಿ.

ಅದರಲ್ಲಿರುವವಳು ನನ್ನ ತಂಗಿ ಆರತಿ. ಬಸುರಿಗೆ ತವರಿನವರು ಹಸಿರು ಕುಪ್ಪಸ ತೊಡಿಸುವುದು ನಮ್ಮ ಪದ್ಧತಿ. ನಾನೇ ಹೊಲಿದಿದ್ದೆ. "ಅಕ್ಕಾ, ತೋಳು ಬಿಗಿ ಆಗ್ಯಾದ. ಹೆರಿಗಿಗಿ ಬಂದಾಗ ಸಡ್ಲ ಮಾಡಿಕೊಡು" ಅಂದಿದ್ದಳು. ಹೆರಿಗೆಯಲ್ಲಿ ಮಗು ಮಾತ್ರ ಉಳಿಯಿತು.

ಮಗು ಈಗ ತಂದೆಯ ಊರು ಮೆಹಕರದಲ್ಲಿ ಅಜ್ಜಿಯ ಹತ್ತಿರ ಇದೆ. ಹೊಟ್ಟೆಯಲ್ಲಿದ್ದಾಗಿನದಾದರೂ, ತಾಯಿ ಮಗಳು ಒಟ್ಟಿಗಿರುವ ಫೋಟೊ ಅದೊಂದೇ. ಮುಂದೆ ಅವಳು ಕೇಳಿದಾಗ ತೋರಿಸಬೇಕು.

ಒಮ್ಮೆ ತೆರೆದರೆ ಉಳಿಯುತ್ತದೆ ಎಂದು ನನಗೂ ಗೊತ್ತು. ನನ್ನ ಕೈಲಿ ಆಗುತ್ತಿಲ್ಲ. ನಿಮ್ಮಲ್ಲೇ ಯಾರಾದರೂ ಒಂದು ಸಲ ತೆರೆದು ನೋಡಿ. ನಗುತ್ತಿದ್ದಾಳೆ.

ನಿಮ್ಮನ್ನೇ ನಂಬಿರುವ,
ಮಹಾನಂದಾ